ಅಪ್ಪಣೆ ಇಲ್ಲ, ಹೋಗಿ ಮಲಕ್ಕೋ

ಮಧ್ಯಾಹ್ನ ಊಟದ ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ನಮ್ಮ ಪಾಪಾ ಎದ್ದು ಬಂದು ಫ್ರಿಜ್‌ಗೆ ಸೆಲ್ಯೂಟ್ ಹೊಡೆಯುತ್ತಾನೆ.

ಮೊದಲು ಲೋಲಾಗೆ, ಆಮೇಲೆ ಫ್ರಿಜ್‌ಗೆ. ಈ ಕ್ರಮ ಯಾವತ್ತೂ ತಪ್ಪಿದ್ದಿಲ್ಲ. ಪಾಪಾ ಅಂದರೆ ನನ್ನ ಅಪ್ಪ. ಲೋಲಾ ಅಂದರೆ ಅಜ್ಜಿ, ಪಾಪಾನ ತಾಯಿ. ಅವಳು ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಲೋ, ಫೋನಿನಲ್ಲಿ ಮನಿಲಾದ ಧಾರಾವಾಹಿ ನೋಡುತ್ತಲೋ ಇರುತ್ತಾಳೆ. ಪಾಪಾ ಕೋಣೆಯಿಂದ ಬರಿಗಾಲಲ್ಲಿ ಬರುತ್ತಾನೆ. ಕಣ್ಣು ತೆರೆದೇ ಇರುತ್ತವೆ. ಆದರೆ ಅವು ನಮ್ಮನ್ನು ದಾಟಿ ಇನ್ನೆಲ್ಲೋ ನೋಡುತ್ತಿರುತ್ತವೆ, ದೂರದ ಬಸ್ಸಿನ ಕಿಟಕಿಯಲ್ಲಿ ಕೂತವರ ಕಣ್ಣಿನ ಹಾಗೆ. ಲೋಲಾಳ ಮುಂದೆ ನೆಟ್ಟಗೆ ನಿಲ್ಲುತ್ತಾನೆ. ಕೈ ಹಣೆಗೆ ಹೋಗುತ್ತದೆ.

"ಹಡಗಿಂದ ಇಳಿಯೋಕೆ ಅಪ್ಪಣೆ ಕೊಡಿ, ಸರ್."

"ಅಪ್ಪಣೆ ಇಲ್ಲ, ಹೋಗಿ ಮಲಕ್ಕೋ," ಅನ್ನುತ್ತಾಳೆ ಲೋಲಾ, ಹುರುಳಿಕಾಯಿಯಿಂದ ತಲೆ ಎತ್ತದೆ.

"ಆಯ್ತು ಸರ್."

ಆಮೇಲೆ ಫ್ರಿಜ್‌ನ ಕಡೆ ತಿರುಗಿ ಅದಕ್ಕೊಂದು ಸೆಲ್ಯೂಟ್. ನೌಕಾಪಡೆಯ ಹಡಗಿನಿಂದ ಇಳಿಯುವವರು ಮೊದಲು ಡ್ಯೂಟಿ ಆಫೀಸರಿಗೆ ಸೆಲ್ಯೂಟ್ ಹೊಡೆದು ಅಪ್ಪಣೆ ಕೇಳಬೇಕು, ಸಿಕ್ಕ ಮೇಲೆ ಹಡಗಿನ ಹಿಂಬದಿಯ ಬಾವುಟಕ್ಕೆ ಸೆಲ್ಯೂಟ್ ಹೊಡೆಯಬೇಕು. ಹತ್ತುವಾಗ ಇದರ ತಿರುವುಮುರುವು. ನಮ್ಮ ಮನೆಯಲ್ಲಿ ಬಾವುಟದ ಜಾಗದಲ್ಲಿ ಫ್ರಿಜ್ ಇದೆ. ಅಪ್ಪಣೆ ಸಿಗದಿದ್ದರೂ ಬಾವುಟಕ್ಕೆ ಯಾಕೆ ಸೆಲ್ಯೂಟ್ ಅಂತ ನಾನೊಮ್ಮೆ ಕೇಳಿದ್ದೆ. ನಿದ್ದೆಗಣ್ಣಿನಲ್ಲಿ ಅಷ್ಟೆಲ್ಲ ನಿಯಮ ಯಾರು ನೆನಪಿಡ್ತಾರೆ ಅಂದಳು ಲೋಲಾ.

ಹೌದು, ಪಾಪಾ ನಿದ್ದೆಯಲ್ಲಿ ನಡೆಯುತ್ತಾನೆ. ಅವನ ರಾತ್ರಿ ಬರುವುದೇ ಮಧ್ಯಾಹ್ನ. ಅಮೆರಿಕದ ವರ್ಜೀನಿಯಾ ಬೀಚ್ ಅನ್ನುವ ಊರಿನಲ್ಲಿ ನಮ್ಮ ಫಿಲಿಪಿನೋ ಜನರ ಬೀದಿಯ ಕೊನೆಗಿರುವ ಬೇಕರಿಯಲ್ಲಿ ಅವನಿಗೆ ಕೆಲಸ. ಊರು ಏಳುವ ಮುಂಚೆ ಪಾಂಡೆಸಾಲ್ ಬನ್ನು ಬೇಯಿಸಿ, ಬಿಸಿಲೇರಿದ ಮೇಲೆ ಬಿಸಿ ಬನ್ನಿನ ಚೀಲವನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಬರುತ್ತಾನೆ. ಪರದೆ ಎಳೆದು ಮಲಗುತ್ತಾನೆ. ಆಗ ಮನೆಯಿಡೀ ಯೀಸ್ಟಿನ ವಾಸನೆ, ಪರದೆಯ ಅಂಚಿನಲ್ಲಿ ಒಂದು ಗೆರೆ ಬಿಸಿಲು. ಆಗಾಗ ತಲೆಯ ಮೇಲೆ ಯುದ್ಧವಿಮಾನ ಹಾರಿಹೋಗುತ್ತದೆ. ನಮ್ಮ ಕಡೆಯವರು ವಿಮಾನ ಬಂದರೆ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಅದು ದಾಟಿದ ಮೇಲೆ ಆ ಅರ್ಧ ಪದದಿಂದಲೇ ಮುಂದುವರಿಸುತ್ತಾರೆ. ಹೊರಗಿನಿಂದ ಬಂದ ನನ್ನ ಕಾಲೇಜಿನ ಗೆಳತಿಯರಿಗೆ ಇದು ಜಾದೂ ಅನ್ನಿಸುತ್ತದಂತೆ.

ಪಾಪಾನ ಪೂರ್ತಿ ಹೆಸರು ರೋಡೆಲ್ ಅಬುಯೆನ್. ಅವನೂ ನೌಕಾಪಡೆಯಲ್ಲಿದ್ದವನು, 'ಕ್ರೆಸ್‌ವೆಲ್' ಅನ್ನುವ ಹಡಗಿನಲ್ಲಿ. ನನಗೆ ಐದು ವರ್ಷವಾಗಿದ್ದಾಗ, ನಡುಸಮುದ್ರದಲ್ಲಿ, ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ ಅವನು ಹಡಗಿನಿಂದ ನೀರಿಗೆ ಹಾರಿದ. ಹಡಗು ತಿರುಗಿಸಬೇಕಾಯಿತು. ದೋಣಿ ಇಳಿಸುವಾಗ ಒಬ್ಬನ ಮಣಿಕಟ್ಟು ಮುರಿಯಿತು. ವಿಚಾರಣೆಯಲ್ಲಿ ಯಾಕೆ ಹಾರಿದೆ ಅಂತ ಕೇಳಿದಾಗ ಪಾಪಾ, ಪಂದ್ಯ ಕಟ್ಟಿದ್ದೆ ಅಂದ. ಯಾರ ಜೊತೆ ಅಂದರೆ ಹೇಳಲಿಲ್ಲ. ಹೇಳದೇ ಹೋದದ್ದು ಇನ್ನೊಂದು ತಪ್ಪಾಯಿತು. ಕೊನೆಗೆ ದುರ್ನಡತೆ ಅಂತ ಬರೆದು ಮನೆಗೆ ಕಳಿಸಿದರು. ಅಂಥ ಬಿಡುಗಡೆಗೆ ನಮ್ಮೂರಿನಲ್ಲಿ 'ಕೆಟ್ಟ ಕಾಗದ' ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಮನೆಗೊಬ್ಬರು ನೌಕಾಪಡೆಯವರು. ಅಂಥ ಬೀದಿಯಲ್ಲಿ ಕೆಟ್ಟ ಕಾಗದ ಹಿಡಿದು ಬದುಕುವುದು ಅಂದರೆ ಮದುವೆಮನೆಗೆ ದಿನಾ ಹರಿದ ಅಂಗಿಯಲ್ಲಿ ಹೋದ ಹಾಗೆ.

ಅದೂ ನಮ್ಮ ಲೋಲೋನ ಮಗನಾಗಿ. ಲೋಲೋ ಅಂದರೆ ಅಜ್ಜ. ಫಿಲಿಪೀನ್ಸಿನ ಕವೀಟೆ ಊರಿನ ಬಂದರಿನಲ್ಲಿ ಅಮೆರಿಕದ ಹಡಗು ಹತ್ತಿ, ಅಧಿಕಾರಿಗಳಿಗೆ ತಟ್ಟೆ ಬಡಿಸುವ ಕೆಲಸದಿಂದ ಶುರುಮಾಡಿ, ಚೀಫ್ ಅನ್ನುವ ಹುದ್ದೆಗೇರಿ ನಿವೃತ್ತನಾದವನು. ಊಟದ ಮನೆಯ ಗೋಡೆಯಲ್ಲಿ ದೊಡ್ಡ ಮರದ ಚಮಚದ ಪಕ್ಕ ಅವನ ಫೋಟೋ ಇದೆ, ಇಸ್ತ್ರಿ ಹಾಕಿದ ಮುಖ.

ಬಾಗಿಲ ಬಳಿಯ ಡ್ಯೂಟಿ ಶುರುಮಾಡಿದ್ದು ಲೋಲೋನೇ. ಪಾಪಾ ಮನೆಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಬಾಗಿಲು ತೆಗೆದು ರಸ್ತೆಗೆ ನಡೆದನಂತೆ. ಕಸದ ಲಾರಿಯವನು ಬ್ರೇಕ್ ಒತ್ತಿದ್ದಕ್ಕೆ ಉಳಿದ. ಮರುದಿನ ಲೋಲೋ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತ. ಪಾಪಾ ಬಂದು ಅಪ್ಪಣೆ ಕೇಳಿದ. ಲೋಲೋ ಕೊಡಲಿಲ್ಲ. ಪಾಪಾ ಹಿಮ್ಮಡಿಯ ಮೇಲೆ ತಿರುಗಿ ವಾಪಸು ಹೋಗಿ ಮಲಗಿದ. ಅಷ್ಟು ಸುಲಭ. ಅಂದಿನಿಂದ ಮನೆಯಲ್ಲಿ ಒಂದೇ ಕಾನೂನು: ಅವನು ಕೇಳಿದರೆ ಯಾರೂ 'ಕೊಟ್ಟೆ' ಅನ್ನಬಾರದು, ತಮಾಷೆಗೂ ಅನ್ನಬಾರದು. ಎರಡು ವರ್ಷದ ಹಿಂದೆ ಲೋಲೋ ತೀರಿಕೊಂಡ ಮೇಲೆ ಆ ಕುರ್ಚಿಗೆ ಲೋಲಾ ಬಂದಳು.

ಪಾಪಾ ಎಚ್ಚರದಲ್ಲಿದ್ದಾಗ ಈ ವಿಷಯ ಯಾರೂ ಎತ್ತುವುದಿಲ್ಲ. ಅವನಿಗೆ ಗೊತ್ತು, ನಮಗೆ ಗೊತ್ತು ಅಂತಲೂ ಗೊತ್ತು. ಅಷ್ಟೇ.

ಕಳೆದ ಬೇಸಿಗೆಯಲ್ಲಿ ಸುದ್ದಿ ಬಂತು. ಕ್ರೆಸ್‌ವೆಲ್‌ಗೆ ವಯಸ್ಸಾಯಿತು, ಬರುವ ಮೇ ತಿಂಗಳಲ್ಲಿ ಅದನ್ನು ಸೇವೆಯಿಂದ ಬಿಡಿಸುತ್ತಾರೆ. ಹಳೆಯ ಸಿಬ್ಬಂದಿಯೆಲ್ಲ ಬಂದು ಕೊನೆಯ ಸಲ ಹಡಗು ಹತ್ತಿ ಇಳಿಯಬಹುದು. ಕೆಟ್ಟ ಕಾಗದದವರನ್ನು ಮಾತ್ರ ಗೇಟಿನೊಳಗೆ ಬಿಡುವುದಿಲ್ಲ.

ಆವತ್ತು ಪಾಪಾ ಬನ್ನು ಮುರಿದು ಕಾಫಿಗೆ ಅದ್ದಿ, ತಿನ್ನುವುದನ್ನು ಮರೆತು ಕೂತಿದ್ದ. ಬನ್ನು ಕರಗಿ ಲೋಟದೊಳಗೇ ಬಿತ್ತು.

"ನನಗೆ ಪೆನ್ಷನ್ ಬೇಡ, ಏನೂ ಬೇಡ," ಅಂದ. "ಆ ಹಡಗಿಂದ ಒಂದ್ಸಲ ಸರಿಯಾಗಿ ಇಳೀಬೇಕು."

ಹೀಗೆ ನಾವು ಅರ್ಜಿ ಹಾಕಿದೆವು, ಕೆಟ್ಟ ಕಾಗದವನ್ನು ಒಳ್ಳೆಯ ಕಾಗದ ಮಾಡಿಕೊಡಿ ಅಂತ. ಇನ್ನೊಂದು ವರ್ಷ ತಡವಾಗಿದ್ದರೆ ಇಂಥ ಅರ್ಜಿ ನೋಡುವ ನೌಕಾಪಡೆಯ ಮಂಡಳಿಯ ಮುಂದೆ ಕೇಳುವ ಅವಧಿಯೇ ಮುಗಿದುಹೋಗುತ್ತಿತ್ತು.

ನಮಗೆ ಸಹಾಯಕ್ಕೆ ಸಿಕ್ಕವಳು ಮಿಸ್ ಒಡೆಟ್ ಪ್ರೂಯಿಟ್. ಹಡಗಿನ ಅಡುಗೆಮನೆಯಲ್ಲಿ ಆಯಸ್ಸು ಕಳೆದು, ಲೋಲೋನ ಹಾಗೆ ಚೀಫ್ ಆಗಿ ನಿವೃತ್ತಳಾದ ದೊಡ್ಡ ಹೆಂಗಸು. ಈಗ ಹಳೆಯ ನಾವಿಕರ ಅರ್ಜಿಗಳಿಗೆ ಪುಕ್ಕಟೆ ಓಡಾಡುತ್ತಾಳೆ. ಅವಳು ಪಿಸುಗುಟ್ಟಿದರೂ ಪಕ್ಕದ ಮನೆಯ ನಾಯಿ ಏಳುತ್ತದೆ. ಮೊದಲ ಸಲ ಗೆಣಸಿನ ಕಡುಬು ಹಿಡಿದು ಬಂದಳು, ಲೋಲಾ ಕರಿದ ಲುಂಪಿಯಾ ಸುರುಳಿಗಳನ್ನು ಒಂದೊಂದಾಗಿ ಮುಗಿಸುತ್ತ ಪಾಪಾನ ಕಥೆ ಕೇಳಿದಳು. ಪಾಪಾ ಕೋಣೆಯಲ್ಲಿ ಮಲಗಿದ್ದ.

ಪಂದ್ಯದ ಕಥೆ ಒಡೆಟ್‌ಗೆ ಹಿಡಿಸಲಿಲ್ಲ. ಪಂದ್ಯ ಅಂದರೆ ಮಂಡಳಿ ಏನು ಮಾಡಬೇಕು, ಗೆದ್ದಿದೀಯ ಅಂತ ಬಹುಮಾನ ಕೊಡಬೇಕಾ ಅಂದಳು. ಆಗ ಅವನಿಗೆ ಕಾಯಿಲೆ ಇತ್ತಾ, ಮನೆಯಲ್ಲಿ ತೊಂದರೆ ಇತ್ತಾ, ಏನಾದರೂ ಇರಲೇಬೇಕಲ್ಲ ಅಂತ ನಮ್ಮ ಮುಖ ನೋಡಿದಳು. ಲೋಲಾ ಇನ್ನೆರಡು ಲುಂಪಿಯಾ ಬಡಿಸಿದಳು. ನಮ್ಮ ಮನೆಯಲ್ಲಿ ಅದು 'ಬಾಯಿ ಮುಚ್ಚು' ಅನ್ನುವುದರ ಮರ್ಯಾದೆಯ ರೂಪ.

ಅದೇ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು.

ಪಾಪಾ ಬಂದ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಆವತ್ತು ಅತಿಥಿ ಅಂತ ಒಡೆಟ್ ಕೂತಿದ್ದಳು. ಪಾಪಾ ಅವಳ ಮುಂದೆ ನಿಂತ, ಸೆಲ್ಯೂಟ್ ಹೊಡೆದ, ಕೇಳಿದ. ಇಪ್ಪತ್ತೈದು ವರ್ಷ ಹಡಗಿನಲ್ಲಿ ಇದ್ದವಳು. ಅವಳ ಕೈ ತಾನಾಗಿ ಹಣೆಗೆ ಹೋಯಿತು, ಬಾಯಿ ತಾನಾಗಿ ತೆರೆಯಿತು. 'ಕೊ' ಅಂತ ಅಂದೂ ಬಿಟ್ಟಳು. ಅಷ್ಟರಲ್ಲಿ ಲೋಲಾ ಒಂದು ಬಿಸಿ ಲುಂಪಿಯಾವನ್ನು ಅವಳ ಬಾಯಿಗೆ ತುರುಕಿದಳು.

"ಅಪ್ಪಣೆ ಇಲ್ಲ, ಹೋಗಿ ಮಲಕ್ಕೋ," ಅಂದಳು ಮಗನಿಗೆ.

ಪಾಪಾ ಫ್ರಿಜ್‌ಗೆ ಸೆಲ್ಯೂಟ್ ಹೊಡೆದು ಹೋದ. ಒಡೆಟ್ ಬಾಯಿ ಸುಟ್ಟುಕೊಂಡು ನೀರು ಕುಡಿದು, ಬಹಳ ಹೊತ್ತು ಆ ಕೋಣೆಯ ಬಾಗಿಲನ್ನೇ ನೋಡಿದಳು. ಆಮೇಲೆ, ಮೊದಲ ಬಾರಿಗೆ ನಿಜವಾಗಿಯೂ ಮೆಲ್ಲಗೆ, ಇದು ಎಷ್ಟು ವರ್ಷದಿಂದ ಅಂತ ಕೇಳಿದಳು.

ಲೋಲಾ ಹೇಳಿದಳು. ಚಿಕ್ಕಂದಿನಿಂದ. ಮಗುವಾಗಿದ್ದಾಗ ಮಂಚದ ಪಕ್ಕ ಒಂದು ಬೋಗುಣಿ ನೀರು ಇಡುತ್ತಿದ್ದಳಂತೆ. ನಿದ್ದೆಯಲ್ಲಿ ಎದ್ದರೆ ಕಾಲು ನೀರಿಗೆ ಬೀಳಬೇಕು, ತಣ್ಣಗಾಗಿ ಎಚ್ಚರವಾಗಬೇಕು. ಪಡೆಗೆ ಸೇರಿದ ಮೇಲೆ ಬೋಗುಣಿ ಇಡುವವರು ಯಾರೂ ಇರಲಿಲ್ಲ.

ಒಡೆಟ್‌ಗೆ ಅಷ್ಟು ಸಾಕಾಗಿತ್ತು. ಅವನು ನಿದ್ದೆಯಲ್ಲೇ ಹಾರಿದ್ದು ಅಂತ ಅವಳು ಅಲ್ಲೇ ತೀರ್ಮಾನಿಸಿದಳು. ಆದರೆ ಸಂಜೆ ಪಾಪಾ ಎದ್ದು ಬಂದು ಕಾಫಿ ಕುಡಿಯುವಾಗ ಅವಳು ಮಾತೆತ್ತಿದ್ದೇ ತಡ, ಅವನ ಮುಖ ಅಂಗಡಿ ಬಾಗಿಲಿನ ಹಾಗೆ ಮುಚ್ಚಿತು. ಆಗುವುದಿಲ್ಲ ಅಂದ. ನಿದ್ದೆ ಅಂದರೆ, ಯಾವಾಗಿನಿಂದ ಅಂತ ಕೇಳುತ್ತಾರೆ. ಚಿಕ್ಕಂದಿನಿಂದ ಅಂದರೆ, ಸೇರುವಾಗ ಕೇಳಿದ್ದೆವಲ್ಲ ಅನ್ನುತ್ತಾರೆ. ನಿದ್ದೆಯಲ್ಲಿ ನಡೆಯುವವರನ್ನು ನೌಕಾಪಡೆ ತೆಗೆದುಕೊಳ್ಳುವುದೇ ಇಲ್ಲ. ಅವನು 'ಇಲ್ಲ' ಅಂತ ಉತ್ತರ ಕೊಟ್ಟಿದ್ದ.

"ಯಾರು ಹೇಳ್ಕೊಟ್ರು ನಿಂಗೆ ಇಲ್ಲ ಅನ್ನು ಅಂತ?" ಒಡೆಟ್ ಕೇಳಿದಳು.

ನಾವು ಫಿಲಿಪಿನೋಗಳು ಬೆರಳಿನಿಂದ ತೋರಿಸುವುದು ಕಡಿಮೆ, ತುಟಿ ಚೂಪು ಮಾಡಿ ತೋರಿಸುತ್ತೇವೆ. ಪಾಪಾನ ತುಟಿ ತನಗೇ ಗೊತ್ತಿಲ್ಲದ ಹಾಗೆ ಗೋಡೆಯ ಕಡೆ ಒಂದು ಚೂರು ಚಾಚಿತು. ಮರದ ಚಮಚದ ಪಕ್ಕ ಲೋಲೋ ಇಸ್ತ್ರಿ ಹಾಕಿದ ಮುಖದಲ್ಲಿ ನಮ್ಮನ್ನೆಲ್ಲ ನೋಡುತ್ತಿದ್ದ.

"ಸತ್ತೋರನ್ನ ಆ ಕಟಕಟೆಗೆ ನಾನು ಎಳೆಯಲ್ಲ ಚೀಫ್," ಅಂದ ಪಾಪಾ. "ಪಂದ್ಯ ಅಂತಲೇ ಇರ್ಲಿ."

ಲೋಲಾ ಲೋಟ ತೊಳೆಯಲು ಹೋದಳು. ಅದೇ ಲೋಟವನ್ನು ಅವಳು ತೊಳೆಯುತ್ತಲೇ ಇದ್ದಳು.

ಒಡೆಟ್ ಮತ್ತೆ ಒತ್ತಾಯ ಮಾಡಲಿಲ್ಲ. ಕನಿಷ್ಠ ಒಬ್ಬ ಹಳೆಯ ಜೊತೆಗಾರನಾದರೂ ಬಂದು, ಇವನು ಒಳ್ಳೆಯವನು ಅಂತ ಎರಡು ಮಾತು ಹೇಳಲಿ ಅಂದಳು. ಹುಡುಕಿ ಹುಡುಕಿ ಒಬ್ಬನನ್ನು ಹಿಡಿದಳು. ವೆಸ್ ಟೀಗ್ ಅಂತ. ಈಗ ಒಹಾಯೋದಲ್ಲಿ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಾನೆ. ಹೆಸರು ಕೇಳಿದ ತಕ್ಷಣ, ಬರ್ತೀನಿ ಅಂದನಂತೆ. ಅಷ್ಟು ಬೇಗ ಒಪ್ಪಿದ್ದು ಯಾಕೋ ಅಂತ ಅವಳಿಗೂ ಆಶ್ಚರ್ಯವಾಗಿತ್ತು.

ವಿಚಾರಣೆ ಅಕ್ಟೋಬರಿನ ಒಂದು ಮಧ್ಯಾಹ್ನ, ವಿಡಿಯೋದಲ್ಲಿ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯ ಮೇಲೆ ಏರಿಸಿ ಇಟ್ಟೆ, ಇಲ್ಲದಿದ್ದರೆ ಪಾಪಾನ ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿತ್ತು. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳು ಗಂಟೆಗೊಂದು ಹೃದಯದ ಚಿತ್ರ ಕಳಿಸುತ್ತಿದ್ದಳು. ಪಾಪಾ ರಾತ್ರಿಯಿಡೀ ಬನ್ನು ಬೇಯಿಸಿ ಬಂದು ಮಲಗದೆ ಕೂತಿದ್ದ. ಅವನ ರೆಪ್ಪೆ ಭಾರವಾಗಿದ್ದವು, ಕೂದಲಲ್ಲಿ ಇನ್ನೂ ಮೈದಾ ಇತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು, ಅವನು ಅರ್ಧ ಕನಸಿನಿಂದ ಯಾರೋ ಕತ್ತರಿಸಿ ತಂದು ಅಲ್ಲಿ ಕೂರಿಸಿದವನಂತೆ ಕಾಣುತ್ತಿದ್ದ.

ಲೋಲಾಗೆ ನಾನು ಮೊದಲೇ ಹೇಳಿದ್ದೆ, ಕ್ಯಾಮೆರಾದ ಎದುರು ಬರಬಾರದು, ಶಬ್ದ ಮಾಡಬಾರದು. ಅವಳು ಒಪ್ಪಿ, ಒಲೆಯ ಮೇಲೆ ಹುಣಸೆಹುಳಿಯ ಸಾರು ಇಟ್ಟಳು. ಸಾರು ಕುದಿಯುವುದು ಶಬ್ದವಲ್ಲವಂತೆ.

ಪರದೆಯ ಮೇಲೆ ಐದು ಚೌಕದಲ್ಲಿ ಐದು ಅಧಿಕಾರಿಗಳು. ನಡುವಿನ ಚೌಕದಲ್ಲಿದ್ದ ನರೆಗೂದಲಿನ ಕ್ಯಾಪ್ಟನ್ ಹೆಂಗಸು ಅವರಿಗೆಲ್ಲ ಮುಖ್ಯಸ್ಥೆ. ಪಾಪಾ ಪಂದ್ಯದ ಕಥೆ ಹೇಳಿದ. ಚಿಕ್ಕ ವಯಸ್ಸು, ಬುದ್ಧಿ ಇರಲಿಲ್ಲ, ಕೈ ಮುರಿದುಕೊಂಡವನಿಗೆ ಇವತ್ತಿಗೂ ಮನಸ್ಸಿನಲ್ಲೇ ಕ್ಷಮೆ ಕೇಳುತ್ತೇನೆ ಅಂದ. ಚೆನ್ನಾಗಿಯೇ ಹೇಳಿದ. ಆದರೆ ಐದು ಮುಖವೂ ಹಾಗೇ ಇದ್ದವು. ಒಡೆಟ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಇದು ಮುಳುಗಿತು ಅಂತ ಅದರ ಅರ್ಥ.

ಆಮೇಲೆ ಟೀಗ್‌ನ ಮುಖ ಬಂತು. ಕೆಂಪು ಗಡ್ಡ, ಹಿಂದೆ ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು. ಕ್ಯಾಪ್ಟನ್, ಅರ್ಜಿದಾರರ ನಡತೆಯ ಬಗ್ಗೆ ಗೊತ್ತಿರುವುದನ್ನು ಹೇಳಿ ಅಂದಳು. ಅವನು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

"ನಡತೆ ಆಮೇಲ್ ಹೇಳ್ತೀನಿ ಮೇಡಂ. ಆವತ್ತು ಕಂಬಿಗೆ ಬಣ್ಣ ಹೊಡೀತಾ ಇದ್ದೋನು ನಾನು. ಇವನು ಬಂದ. ಬರಿಗಾಲು. ನನ್ ಮುಂದೆ ನಿಂತ್ಕೊಂಡು ಸೆಲ್ಯೂಟ್ ಹೊಡೆದು, ಹಡಗಿಂದ ಇಳಿಯೋಕೆ ಅಪ್ಪಣೆ ಕೊಡಿ ಸರ್ ಅಂದ. ಸುತ್ತ ನೋಡಿದ್ರೆ ಬರೀ ನೀರು. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಬ್ರಷ್ಷಲ್ಲೇ ಸೆಲ್ಯೂಟ್ ಹೊಡೆದು, ಕೊಟ್ಟಿದೀನಿ ಹೋಗು ಅಂದೆ. ಹೋಗೇ ಬಿಟ್ಟ."

ಸಾರು ಕುದಿಯುವುದು ಶಬ್ದವೇ ಅಂತ ಆಗ ಗೊತ್ತಾಯಿತು.

ಟೀಗ್ ಟೋಪಿಯ ಅಂಚನ್ನು ತಿರುಗಿಸುತ್ತ ಮುಂದುವರಿಸಿದ. ನೌಕಾಪಡೆಯಲ್ಲಿ ಯಾರಾದರೂ ಹಾಗೆ ಕೇಳಿದರೆ ಬಾಯಿಗೆ ಬರುವ ಉತ್ತರ ಅದೊಂದೇ, ಅದಕ್ಕೇ ಅಂದುಬಿಟ್ಟೆ ಅಂದ. ವಿಚಾರಣೆಯಲ್ಲಿ ಪಾಪಾ ಪಂದ್ಯ ಅಂದಾಗ, ಯಾರ ಜೊತೆ ಅಂತ ಹೇಳದೇ ಇದ್ದಾಗ, ತನ್ನನ್ನು ಉಳಿಸಲಿಕ್ಕೇ ಹಾಗೆ ಮಾಡುತ್ತಿದ್ದಾನೆ ಅಂತ ತಿಳಿದು ಹೆದರಿ ಸುಮ್ಮನಿದ್ದನಂತೆ. ಇಷ್ಟು ವರ್ಷ ಅದೇ ಎದೆಯಲ್ಲಿ ಕೂತಿತ್ತಂತೆ.

ಪಾಪಾ ಪರದೆಯ ಹತ್ತಿರ ಬಗ್ಗಿದ. ಅವನ ಮುಖದಲ್ಲಿ ಆಗ ಇದ್ದದ್ದು ಬರೀ ಗಾಬರಿ.

"ನಿಂಗೆ ಸರ್ ಅಂದ್ನಾ ನಾನು?"

"ಅಂದೆ ಕಣೋ."

"ಥೂ," ಅಂದ ಪಾಪಾ.

ಒಂದು ಚೌಕದಲ್ಲಿದ್ದ ಅಧಿಕಾರಿ ಕೈಯಿಂದ ಬಾಯಿ ಮುಚ್ಚಿಕೊಂಡ.

"ದಿನಾ ಕೇಳ್ತಾನೆ," ಅಂದಳು ಲೋಲಾ ಒಲೆಯ ಕಡೆಯಿಂದ.

ಅದು ಯಾರು ಮಾತಾಡಿದ್ದು ಅಂತ ಕ್ಯಾಪ್ಟನ್ ಕೇಳಿದಳು. ನಾನು ಲೋಲಾಳ ಕಡೆ ಕಣ್ಣು ದೊಡ್ಡದು ಮಾಡಿದೆ. ಉಪಯೋಗವಾಗಲಿಲ್ಲ. ಸೌಟು ಹಿಡಿದುಕೊಂಡೇ ಬಂದು ಕ್ಯಾಮೆರಾದ ಎದುರು ನಿಂತಳು. ತಾನು ಇವನ ತಾಯಿ ಅಂದಳು. ಈಗ ಕೆಂಪು ಗಡ್ಡದವರು ಹೇಳಿದರಲ್ಲ, ಅದೇ ಮಾತು, ಅದೇ ಸೆಲ್ಯೂಟು, ಬರಿಗಾಲು, ಪ್ರತಿ ಮಧ್ಯಾಹ್ನ ನಮ್ಮ ಬಾಗಿಲಲ್ಲಿ. ಇವರನ್ನು ತಾನು ಈವರೆಗೆ ನೋಡಿದ್ದಿಲ್ಲ, ಮಾತಾಡಿದ್ದಿಲ್ಲ. ಬೇಕಾದರೆ ಮೇರಿ ಮಾತೆಯ ಮೇಲೆ ಆಣೆ ಅಂದಳು.

"ನೀವು ಏನು ಉತ್ತರ ಕೊಡ್ತೀರಿ?" ಕ್ಯಾಪ್ಟನ್ ಕೇಳಿದಳು.

"ಇಲ್ಲ ಅಂತೀನಿ. ಇಲ್ಲ ಅಂದ್ರೆ ಹೋಗಿ ಮಲಕ್ಕೋತಾನೆ. ಪಾಪ, ಹೇಳಿದ್ ಮಾತು ಕೇಳ್ತಾನೆ."

ಒಡೆಟ್‌ಳ ಕಾಲು ನನ್ನ ಕಾಲಿನ ಮೇಲೆ ಹಾಗೇ ಇತ್ತು, ಆದರೆ ಈಗ ತುಳಿಯುತ್ತಿರಲಿಲ್ಲ.

ಕ್ಯಾಪ್ಟನ್ ಪಾಪಾನನ್ನು ನೋಡಿ, ಆವತ್ತಿನದು ನಿಜವಾಗಿ ನಿಮಗೆ ಏನು ನೆನಪಿದೆ ಅಂತ ಕೇಳಿದಳು. ಪಾಪಾ ಕೂದಲಲ್ಲಿ ಕೈಯಾಡಿಸಿದ, ಮೈದಾ ಬಿಸಿಲಿನಲ್ಲಿ ಹೊಗೆಯ ಹಾಗೆ ಎದ್ದಿತು. ಆಮೇಲೆ ಅವನು ಹೇಳಿದ್ದನ್ನು ನಾನೂ ಮೊದಲ ಬಾರಿ ಕೇಳಿದ್ದು.

"ರಾತ್ರಿ ಡ್ಯೂಟಿ ಮುಗ್ಸಿ ಮಲಗಿದ್ದೆ. ದಡ ಬಂದಿತ್ತು. ನಾರ್ಫೋಕ್ ಬಂದರು. ನನ್ ಹೆಂಡ್ತಿ ನಿಂತಿದ್ಲು, ಮಗಳು ಹಳದಿ ಬಲೂನ್ ಹಿಡ್ಕೊಂಡಿದ್ಲು. ಇಳಿಯೋ ಸೇತುವೆ ಹಾಕಿದ್ರು. ಅಪ್ಪಣೆ ಕೇಳಿದೆ, ಕೊಟ್ರು. ಬಾವುಟಕ್ಕೆ ಸೆಲ್ಯೂಟ್ ಹೊಡೆದು ಕಾಲು ಇಟ್ಟೆ. ಒದ್ದೆ ಆಯ್ತು. ಅಮ್ಮ ಬೋಗುಣಿ ಇಟ್ಟಿದಾಳೆ ಅಂದ್ಕೊಂಡೆ. ಆಮೇಲ್ ನೋಡಿದ್ರೆ ಬೋಗುಣಿಗೆ ಅಂಚೇ ಇಲ್ಲ."

ಕ್ಯಾಪ್ಟನ್ ಏನನ್ನೋ ಬರೆದುಕೊಂಡಳು. ತಲೆ ಎತ್ತದೆ ಕೇಳಿದಳು, ಪಡೆಗೆ ಸೇರುವಾಗ ನಿದ್ದೆಯಲ್ಲಿ ನಡೆಯುವ ಅಭ್ಯಾಸ ಇದೆಯಾ ಅಂತ ಕೇಳಿದ್ದರಲ್ಲವೇ, ಆಗ

ಅಷ್ಟರಲ್ಲಿ ವಿಮಾನ ಬಂತು. ಕಿಟಕಿಯ ಗಾಜು ನಡುಗಿತು, ಸಾರಿನ ಪಾತ್ರೆಯ ಮುಚ್ಚಳ ಕುಣಿಯಿತು. ನಾವೆಲ್ಲ ಇದ್ದಲ್ಲೇ ನಿಂತೆವು. ಆಚೆ ಕಡೆ ಐವರೂ ಕಾದರು, ಟೀಗ್ ಕಾದ. ಪಾಪಾ ಗೋಡೆಯ ಕಡೆ ನೋಡಿದ. ಲೋಲಾ ಅವನನ್ನು ನೋಡಿದಳು. ಅವಳ ಬಾಯಿ ತೆರೆದು ಮುಚ್ಚಿತು. ವಿಮಾನದ ಸದ್ದಿನಲ್ಲಿ ಏನಂದಳೋ ಕೇಳಲಿಲ್ಲ, ಆದರೆ ನಾನು ತುಟಿ ನೋಡಿದೆ. ನಿಮ್ಮಪ್ಪನ ಚಿಂತೆ ಬಿಡು, ಅಂದಂತಿತ್ತು.

ಸದ್ದು ಸಮುದ್ರದ ಕಡೆ ಕರಗಿತು.

"ಏನು ಉತ್ತರ ಕೊಟ್ಟಿರಿ?" ಅಂತ ಕ್ಯಾಪ್ಟನ್ ಉಳಿದರ್ಧ ಕೇಳಿದಳು. ಅವಳೂ ನಮ್ಮ ಕಡೆಯವಳೇ ಇರಬೇಕು.

"ಇಲ್ಲ ಅಂದೆ. ಸುಳ್ಳು ಅಂತ ಗೊತ್ತಿತ್ತು. ಹಡಗು ಬೇಕಾಗಿತ್ತು ನಂಗೆ."

ಯಾರಾದರೂ ಹೇಳಿಕೊಟ್ಟರಾ ಅಂತ ಕೇಳಿದಳು. ಪಾಪಾ ತುಟಿಯನ್ನು ಗಟ್ಟಿಯಾಗಿ ಒಳಗೆಳೆದು ಹಿಡಿದುಕೊಂಡ, ಅದು ಎಲ್ಲಿಗೂ ಚಾಚದ ಹಾಗೆ.

"ಬಾಯಿ ನಂದೇ ಆಗಿತ್ತು ಮೇಡಂ," ಅಂದ.

ಪರದೆ ಕಪ್ಪಾದ ಮೇಲೆ ಪಾಪಾ ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದ. ಲೋಲಾ ಸೌಟಿನಿಂದ ಗೋಡೆಯ ಫೋಟೋಗೆ ಗದರಿದಳು. ನಿಮ್ಮ ಹೆಸರು ಬರಲಿಲ್ಲ, ಆರಾಮಾಗಿರಿ ಅಂದಳು. ಆಮೇಲೆ ನಮಗೆಲ್ಲ ಸಾರು ಬಡಿಸಿದಳು. ಒಡೆಟ್ ಮೂರು ಬಟ್ಟಲು ಕುಡಿದು, ನಡುವೆ ಎರಡು ಸಲ ಕಣ್ಣೊರೆಸಿಕೊಂಡು, ಹುಳಿ ಜಾಸ್ತಿಯಾಗಿದೆ ಅಂದಳು.

ಉತ್ತರ ಬರುವಷ್ಟರಲ್ಲಿ ಚಳಿ ಕಳೆಯುತ್ತ ಬಂದಿತ್ತು. ನಾವು ಕೇಳಿದ್ದು ಎರಡು ಮೆಟ್ಟಿಲು, ಅವರು ಕೊಟ್ಟದ್ದು ಒಂದು. ದುರ್ನಡತೆ ಅನ್ನುವ ಮಾತು ಹೋಯಿತು. ಪೂರ್ತಿ ಗೌರವದ ಬಿಡುಗಡೆ ಸಿಗಲಿಲ್ಲ, ಸೇರುವಾಗ ತಿಳಿದೂ ಸುಳ್ಳು ಹೇಳಿದ್ದಕ್ಕೆ. ನನಗೆ ಅಳು ಬಂತು, ಅಮ್ಮನಿಗೆ ಸಿಟ್ಟು ಬಂತು. ಪಾಪಾ ಅದನ್ನು ಓದಿ ಮಡಿಸಿ, "ಸರಿಯಾಗೇ ಇದೆ," ಅಂದ. ಗೇಟಿಗೆ ಅಷ್ಟು ಸಾಕಾಗಿತ್ತು.

ಮೇ ತಿಂಗಳ ಆ ಬೆಳಿಗ್ಗೆ ಪಾಪಾ ಬೇಕರಿಗೆ ರಜೆ ಹಾಕಿ, ಲೋಲೋನ ಬರೋಂಗ್ ಅಂಗಿ ಹಾಕಿಕೊಂಡ. ಬೆಳಕು ಹಾಯುವಷ್ಟು ತೆಳ್ಳಗಿನ, ಕಸೂತಿಯ ಅಂಗಿ. ನಾನು ಹಳದಿ ಬಲೂನ್ ಕೊಂಡಿದ್ದೆ. ಗೇಟಿನ ಕಾವಲಿನವನು ಬಲೂನ್ ಒಳಗೆ ಬಿಡುವುದಿಲ್ಲ ಅಂದ. ಹತ್ತೊಂಬತ್ತು ವರ್ಷದವಳು ಬಲೂನಿಗಾಗಿ ಜಗಳ ಮಾಡುವುದು ಚೆನ್ನಾಗಿರುವುದಿಲ್ಲ ಅಂತ ಅಮ್ಮ ನನ್ನ ಬಾಯಿ ಮುಚ್ಚಿಸಿದಳು. ಅದನ್ನು ಕಾರಿನಲ್ಲೇ ಕಟ್ಟಿ ಬಂದೆವು.

ಕ್ರೆಸ್‌ವೆಲ್ ದಡಕ್ಕೆ ಒರಗಿ ನಿಂತಿತ್ತು, ಬೂದು ಬಣ್ಣ, ದೊಡ್ಡದು, ಮೌನ. ನೀರಿನ ಮೇಲೆ ಇನ್ನೂ ಮಂಜಿತ್ತು. ಹಡಗಿನ ಬುಡ ಕಾಣುತ್ತಿರಲಿಲ್ಲ. ಯಾರೋ ಆಕಾಶಕ್ಕೆ ನೇತುಹಾಕಿದ ಹಾಗಿತ್ತು. ಟೀಗ್ ಬಂದಿದ್ದ. ಅವನೂ ಪಾಪಾನೂ ಕೈಕುಲುಕಲಿಲ್ಲ, ಏನು ಮಾಡಬೇಕೋ ತಿಳಿಯದೆ ಒಬ್ಬರ ಹೊಟ್ಟೆ ಇನ್ನೊಬ್ಬರು ನೋಡಿ, ದಪ್ಪಗಾಗಿದೀಯ ಅಂತ ಹೇಳಿಕೊಂಡರು. ನಾನೂ ಅವರ ಹಿಂದೆ ಹಡಗು ಹತ್ತಿದೆ. ಇಬ್ಬರೂ ಹೋಗಿ ಆ ಕಂಬಿಯ ಹತ್ತಿರ ನಿಂತರು. ಟೀಗ್ ಬೆರಳಿನಿಂದ ಬಣ್ಣ ಕೆರೆದು, ನಾನು ಹೊಡೆದ ಬಣ್ಣದ ಮೇಲೆ ಇನ್ನೆಷ್ಟು ಪದರ ಹೊಡೆದಿದ್ದಾರೋ ಅಂದ. ಪಾಪಾ ಕೆಳಗೆ ನೀರು ನೋಡುತ್ತಿದ್ದ. ನಾನು ಸುಮ್ಮನೆ ಅವನ ಅಂಗಿಯ ತುದಿ ಹಿಡಿದುಕೊಂಡೆ. ಅವನು ತಿರುಗಿ ನೋಡಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ.

ಇಳಿಯುವ ಹೊತ್ತಾಯಿತು. ಸೇತುವೆಯ ಬಾಯಿಯಲ್ಲಿ ಡ್ಯೂಟಿ ಆಫೀಸರ್ ನಿಂತಿದ್ದಳು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳಿರಬಹುದು, ಮೂಗು ಬಿಸಿಲಿಗೆ ಸುಲಿದಿತ್ತು. ಪಾಪಾ ಅವಳ ಮುಂದೆ ನೆಟ್ಟಗೆ ನಿಂತ. ನಮ್ಮ ಮನೆಯ ಬಾಗಿಲಲ್ಲಿ ನಿಲ್ಲುವ ಹಾಗೇ.

"ಹಡಗಿಂದ ಇಳಿಯೋಕೆ ಅಪ್ಪಣೆ ಕೊಡಿ, ಮೇಡಂ."

"ಕೊಟ್ಟಿದೆ," ಅಂದಳು ಅವಳು, ಬೆಳಿಗ್ಗೆಯಿಂದ ನೂರು ಜನಕ್ಕೆ ಹೇಳಿದ ಹಾಗೆ.

ಪಾಪಾ ಹೋಗಲಿಲ್ಲ.

ಹಾಗೇ ನಿಂತ. ನಿದ್ದೆಯಲ್ಲಿ ಕೇಳಿದಾಗ ಕೊಟ್ಟಿದೆ ಅನ್ನುವ ಮಾತು ಅವನಿಗೆ ಒಂದೇ ಸಲ ಬಂದಿತ್ತು, ಆವತ್ತು ಕೆಳಗೆ ನೀರಿತ್ತು. ಅವನ ಕಣ್ಣು ಆ ಹುಡುಗಿಯನ್ನು ದಾಟಿ ಹಿಂದೆಲ್ಲೋ ಹೋಗಿದ್ದವು. ಈಗ ಇವನು ಎಚ್ಚರವಾಗಿದ್ದಾನಾ ಅಂತ ನನಗೇ ಗೊತ್ತಾಗಲಿಲ್ಲ. ಹಿಂದೆ ಸಾಲು ಬೆಳೆಯಿತು. ಟೀಗ್ ಪಾಪಾನ ಹೆಗಲು ಮುಟ್ಟಲು ಕೈ ಎತ್ತಿ, ಹೆದರಿ ಇಳಿಸಿದ.

ಕೆಳಗೆ ದಡದ ಮೇಲೆ ಮಡಚುವ ಕುರ್ಚಿಯಲ್ಲಿ ಛತ್ರಿ ಹಿಡಿದು ಲೋಲಾ ಕೂತಿದ್ದಳು. ಪಾಪಾ ಅವಳನ್ನು ಕಂಡ. ಅವಳು ಅವನನ್ನು ಕಂಡಳು. ಅವಳು ಕೈ ಬೀಸಲಿಲ್ಲ, ಕೂಗಲಿಲ್ಲ. ತುಟಿ ಚೂಪು ಮಾಡಿ ತನ್ನ ಕಾಲ ಬಳಿಯ ಕಾಂಕ್ರೀಟನ್ನು ತೋರಿಸಿದಳು. ಚಪ್ಪಲಿಯಿಂದ ಎರಡು ಸಲ ಅದನ್ನು ತಟ್ಟಿದಳು. ಗಟ್ಟಿ ಇದೆ, ನೋಡು.

ಪಾಪಾ ಬಾವುಟದ ಕಡೆ ತಿರುಗಿ ಸೆಲ್ಯೂಟ್ ಹೊಡೆದ. ಆಮೇಲೆ ಒಂದು ಕಾಲು ಇಟ್ಟ, ಇನ್ನೊಂದು ಇಟ್ಟ, ಮಳೆನಿಂತ ನೀರು ದಾಟುವವನ ಹಾಗೆ ಪ್ಯಾಂಟನ್ನು ಸ್ವಲ್ಪ ಎತ್ತಿ ಹಿಡಿದುಕೊಂಡು, ಕೆಳಗಿನವರೆಗೂ ನಡೆದ. ದಡ ಮುಟ್ಟಿದ ಮೇಲೆ ಬಗ್ಗಿ ತನ್ನ ಶೂ ಮುಟ್ಟಿ ನೋಡಿದ. ಒಣಗಿತ್ತು.

ಮನೆಗೆ ಬರುವಾಗ ಕಾರಿನಲ್ಲಿ ಹಳದಿ ಬಲೂನ್ ಅವನ ತಲೆಗೆ ಮೆಲ್ಲಗೆ ಬಡಿಯುತ್ತಲೇ ಇತ್ತು. ಅವನಾಗಲೇ ನಿದ್ದೆಹೋಗಿದ್ದ. ಮನೆ ಮುಟ್ಟಿದ ಮೇಲೆ ಎಬ್ಬಿಸಿ ಕೋಣೆಗೆ ಕಳಿಸಿದೆವು. ಅಮ್ಮ ಡ್ಯೂಟಿಗೆ ಹೋದಳು. ಲೋಲಾ ಒಳ್ಳೆಯ ಉಡುಪು ತೆಗೆದು, ಮನೆಯ ನೈಟಿ ಹಾಕಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಇವತ್ತೂ ಕೂರಬೇಕಾ ಅಂತ ನಾನು ಕೇಳಿದೆ. ಡ್ಯೂಟಿ ಡ್ಯೂಟಿನೇ ಅಂದಳು.

ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು.

ಪಾಪಾ ಬರಿಗಾಲಲ್ಲಿ ಬಂದ. ಲೋಲಾಳ ಮುಂದೆ ನಿಲ್ಲಲಿಲ್ಲ. ಅವಳನ್ನು ದಾಟಿ, ಚಿಲಕ ತೆಗೆದು, ಅವಳು 'ಅಪ್ಪಣೆ' ಅನ್ನುವಷ್ಟರಲ್ಲಿ ಹೊರಗೆ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದ. ನಾನು ಓಡಿದೆ. ಆದರೆ ಅವನು ರಸ್ತೆಯ ಕಡೆ ಹೋಗಲಿಲ್ಲ. ಮೆಟ್ಟಿಲಿನ ಮೇಲೆ ನಿಂತು, ನಿಧಾನವಾಗಿ ಮನೆಯ ಕಡೆ ತಿರುಗಿದ. ಬೆನ್ನ ಹಿಂದೆ ಬಿಸಿಲು, ತಲೆಯ ಸುತ್ತ ಬೆಳಕಿನ ಗೆರೆ. ಕೈ ಹಣೆಗೆ ಹೋಯಿತು.

ಇವತ್ತು ಮೊದಲು ಫ್ರಿಜ್‌ಗೆ. ಆಮೇಲೆ ಲೋಲಾಗೆ.

"ಹಡಗು ಹತ್ತೋಕೆ ಅಪ್ಪಣೆ ಕೊಡಿ, ಸರ್."

ಲೋಲಾಳ ಬಾಯಲ್ಲಿ ಎಂದಿನ ಉತ್ತರ ಸಿದ್ಧವಾಗಿತ್ತು. ಅದು ಅರ್ಧಕ್ಕೆ ಬಂದು ನಿಂತಿತು. ಅವಳು ನನ್ನ ಮುಖ ನೋಡಿದಳು. ಗೋಡೆಯ ಮೇಲಿನ ಫೋಟೋ ನೋಡಿದಳು. ಮಡಿಲಲ್ಲಿದ್ದ ಹುರುಳಿಕಾಯಿಯ ತಟ್ಟೆಯನ್ನು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಎದ್ದು ನಿಂತಳು. ಅವಳು ಆ ಡ್ಯೂಟಿಗೆ ಎದ್ದು ನಿಂತದ್ದು ಅದೇ ಮೊದಲು.

"ಕೊಟ್ಟೆ," ಅಂದಳು. "ಬಾ ಒಳಗೆ. ಬಾಗ್ಲು ಹಾಕ್ಕೊಂಡ್ ಬಾ, ಸೊಳ್ಳೆ ಬರ್ತವೆ."